ಮುಚ್ಚಳಕ್ಕೊಂದು ಬೆಕ್ಕು

ಪಾತ್ರೆ ಕಳೆದುಕೊಂಡ ಮುಚ್ಚಳಕ್ಕೆ ಪಾತ್ರೆ ಅಂಗಡಿಯಲ್ಲಿ ಬೆಲೆಯಿಲ್ಲ. ಈ ಮಾತನ್ನು ನೀವು ಕಣ್ಣು ಮುಚ್ಚಿ ನಂಬಬಹುದು. ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರಲ್ಲಿ ಪಾತ್ರೆ ಮಾರುತ್ತ ಮಾರುತ್ತ ನನ್ನ ತಲೆಗೂದಲೇ ಸ್ಟೀಲಿನ ಬಣ್ಣಕ್ಕೆ ತಿರುಗಿದೆ. ತಳ ಸವೆದ ಪಾತ್ರೆಯನ್ನು ತೂಕಕ್ಕೆ ಹಾಕಬಹುದು, ಹಿಡಿ ಮುರಿದ ಸೌಟಿಗೆ ಬೆಸುಗೆ ಹಾಕಿಸಬಹುದು. ಒಂಟಿ ಮುಚ್ಚಳ ಮಾತ್ರ ಎಲ್ಲಿಟ್ಟರೂ ಕಾಲಿಗೆ ತಾಗಿ ಠಣ್ ಎನ್ನುತ್ತದೆ, ಅಷ್ಟೆ.

ಹಾಗಿದ್ದೂ ಹೋದ ದೀಪಾವಳಿಗೆ ಮುಂಚೆ, ನಾವು ಅತ್ತಿಗೆಯೆಂಬಂತೆ ವೈನಿ ಎನ್ನುವ ಹಳೇ ಗಿರಾಕಿಯೊಬ್ಬರು ಗಲ್ಲಾದ ಕೆಳಗೆ ಕೈ ಹಾಕಿ ಅಂಥದೊಂದು ಮುಚ್ಚಳ ಎತ್ತಿದರು. ಮನೆಯಲ್ಲಿರುವ ಪಾತೇಲಿಗೆ ಸರಿಯಾಗಿ ಕೂರುತ್ತದಂತೆ. ಎಷ್ಟಕ್ಕೆ ಕೊಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ನಾನು ಅದು ಮಾರುವುದಲ್ಲ ಎಂದೆ. ವೈನಿ ನಕ್ಕರು. "ಶೇಠ್, ನಿಮ್ಮ ಈ ಆಟ ನನಗೆ ಗೊತ್ತಿಲ್ಲವೇ?" ಎನ್ನುತ್ತ ತಾವೇ ಒಂದು ಬೆಲೆ ಹೇಳಿದರು. ನಾನು ತಲೆಯಾಡಿಸಿದೆ. ಅವರು ಏರಿಸಿದರು. ನಾನು ಮತ್ತೆ ತಲೆಯಾಡಿಸಿದೆ. ಹೊಸ ಪಾತ್ರೆ, ಮುಚ್ಚಳ ಎರಡೂ ಬರುವಷ್ಟಕ್ಕೆ ಬೆಲೆ ಹೋಗಿ ನಿಂತಾಗ ಅವರಿಗೆ ಸಿಟ್ಟು ಬಂತು. ಇಷ್ಟು ಸೊಕ್ಕಿನ ಮುಚ್ಚಳವನ್ನು ಜನ್ಮದಲ್ಲಿ ನೋಡಿಲ್ಲ ಎಂದು ಎದ್ದು ಹೋದರು. ಒಳಗೆ ಲೋಟ ಒರೆಸುತ್ತ ಕುಳಿತಿದ್ದ ನನ್ನ ಹೆಂಡತಿ ಸುಗಲಾ ತಲೆ ಎತ್ತದೆ ಹೇಳಿದಳು: "ಅದು ಬೆಕ್ಕಿನ ತಾಟು ಅಂತ ಒಂದ್ ಮಾತ್ ಹೇಳಿದ್ರ ಆಕಿ ಆಗ್ಲೇ ಕೈ ತೊಳ್ಕೊಂಡು ಹೋಗ್ತಿದ್ಲಲ್ರಿ?"

ಹೌದು, ಅದು ಬೆಕ್ಕಿನ ತಾಟು. ಬೆಕ್ಕಿನ ಹೆಸರು ಸೇಠಾಣಿ, ಅಂದರೆ ಅಂಗಡಿಯ ಒಡತಿ. ಹೆಸರಿಟ್ಟವಳು ಸುಗಲಾ, ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿ ಮಲಗುವ ಹಕ್ಕು ತನಗೂ ಸಿಕ್ಕಿರಲಿಲ್ಲವೆಂಬ ಹೊಟ್ಟೆಕಿಚ್ಚಿಗೆ. ಸೇಠಾಣಿಯನ್ನು ನಾವು ತಂದದ್ದಲ್ಲ. ಲೋಟಗಳ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಹುಲ್ಲಿನ ನಡುವೆ ಮರಿಯಾಗಿ ಕೂತಿದ್ದಳು. ಮಾಲು ಕಳಿಸಿದವನಿಗೆ ಫೋನು ಮಾಡಿ, ಹೆಚ್ಚುವರಿ ಬಂದ ಸಾಮಾನನ್ನು ವಾಪಸು ಕಳಿಸುವ ಖರ್ಚು ಯಾರದು ಎಂದು ಜಗಳವಾಡಿದೆ. ಜಗಳ ಬಗೆಹರಿಯುವ ಹೊತ್ತಿಗೆ ಸೇಠಾಣಿ ಗಾದಿ ಹಿಡಿದಾಗಿತ್ತು. ಅಂಗಡಿಗೆ ಬಂದವರಿಗೆಲ್ಲ ನಾನು ಇಲಿ ಹಿಡಿಯಲು ಇಟ್ಟುಕೊಂಡಿದ್ದೇನೆ ಎನ್ನುತ್ತಿದ್ದೆ. ಅವಳು ಒಂದಾದರೂ ಇಲಿ ಹಿಡಿದದ್ದನ್ನು ನಾನು ನೋಡಿಲ್ಲ. ಇಲಿಗಳೂ ಹಳೇ ಗಿರಾಕಿಗಳೆಂದು ಆಕೆ ಮರ್ಯಾದೆ ಕೊಡುತ್ತಿದ್ದಳೋ ಏನೋ. ವಯಸ್ಸಾಗಿ, ಒಂದು ಮಧ್ಯಾಹ್ನ ಅದೇ ಗಾದಿಯ ಮೇಲೆ ಮಲಗಿದಲ್ಲೇ ಹೋದಳು. ಮುಚ್ಚಳ ಉಳಿಯಿತು.

ಆಗಿನಿಂದ ನನಗೆ ಇನ್ನೊಂದು ಬೆಕ್ಕು ಬೇಕಿತ್ತು. ಇದನ್ನು ಹೀಗೆ ಬರೆಯುವುದು ಸುಲಭ. ಬಾಯಿಬಿಟ್ಟು ಹೇಳಲು ಮಾತ್ರ ನನಗೆ ಬರುವುದಿಲ್ಲ. ಅದಕ್ಕೆ ಕಾರಣ ನನ್ನ ಸೋದರಮಾವ.

ಮಾಮಾ ಭಾಲ್ಕಿಯ ಸಂತೆಯಲ್ಲಿ ನನ್ನನ್ನು ಪಳಗಿಸಿದವರು. ನಾನಿನ್ನೂ ಚಡ್ಡಿ ಹುಡುಗ. ಅವರು ಬದನೆಕಾಯಿ ರಾಶಿಯ ಮುಂದೆ ನನ್ನನ್ನು ನಿಲ್ಲಿಸಿ ಉಪದೇಶ ಮಾಡುತ್ತಿದ್ದರು: "ಬೇಕು ಅನ್ನೋದು ಹೊಟ್ಟ್ಯಾಗ ಇರ್ಬೇಕು ತಮ್ಮಾ, ಮಾರಿ ಮ್ಯಾಲ ಬರಬಾರ್ದು." ಮುಖದ ಮೇಲೆ ಬಂದರೆ ಬೆಲೆ ಏರಿತೆಂದೇ ಲೆಕ್ಕ. ಆ ವಿದ್ಯೆಯ ಸಾರವನ್ನು ನಿಮಗೂ ಹೇಳಿಬಿಡುತ್ತೇನೆ. ಬೇರೆಯವರಾದರೆ ಪುಕ್ಕಟೆ ಹೇಳುತ್ತಿರಲಿಲ್ಲ. ನಿಮಗೆ ಬೇಕಾದದ್ದನ್ನು ಮುಟ್ಟಬೇಡಿ. ಅದರ ಪಕ್ಕದಲ್ಲಿರುವುದನ್ನು ಎತ್ತಿ ಹೊಗಳಿ. ಆಮೇಲೆ ಬೇಕಾದದ್ದರ ಕಡೆ 'ಹೋಗಲಿ ಪಾಪ' ಎಂಬಂತೆ ನೋಡಿ ನಾಲ್ಕು ತಪ್ಪು ತೆಗೆಯಿರಿ. ಕೊನೆಗೆ ಎದ್ದು ನಡೆಯಿರಿ, ಆದರೆ ನಿಧಾನವಾಗಿ. ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುವುದರಲ್ಲೇ ಇರುವುದು ಎಲ್ಲ ಕಸುಬು. ಎಡಗಾಲಿನದು ಸಿಗಬಾರದು, ಸಿಕ್ಕರೆ ಉಂಗುಟ ತೂರಬಾರದು. ಅಷ್ಟರೊಳಗೆ ಹಿಂದಿನಿಂದ "ಬರ್ರಿ, ಬರ್ರಿ" ಎಂಬ ಕೂಗು ಬಂದೇ ಬರುತ್ತದೆ.

ಈ ವಿದ್ಯೆಯಿಂದಲೇ ತಲೆಯ ಮೇಲೆ ಗಂಟು ಹೊತ್ತು ಬಂದವನು ನಾಸಿಕ್ಕಿನಲ್ಲಿ ಷಟರ್ ಎಳೆಯುವ ಮನುಷ್ಯನಾದೆ. ಆದರೆ ವಿದ್ಯೆ ಮೈಗೆ ಹತ್ತಿದರೆ ಬಿಡುವುದಿಲ್ಲ ನೋಡಿ. ಜ್ವರ ಬಂದು ಮಲಗಿದ್ದಾಗ ಡಾಕ್ಟರು ಒಂದು ವಾರ ವಿಶ್ರಾಂತಿ ಬೇಕು ಅಂದರು. ನಾನು ಹಾಸಿಗೆಯಿಂದಲೇ, "ನಾಲ್ಕು ದಿನಕ್ಕ ಮುಗಿಸ್ರಿ ಸಾಹೇಬ್ರ, ಹಳೇ ಪೇಶಂಟ್ ಇದ್ದೀನಿ" ಎಂದಿದ್ದೆ.

ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಹುಮನಾಬಾದಿನಲ್ಲಿ ಸುಗಲಾ ಒಗ್ಗರಣೆ ಚುರುಮುರಿಯ ಸುಸಲಾ ತುಂಬಿದ ತಾಟು ಹಿಡಿದು ಬಾಗಿಲಿಗೆ ಬಂದ ಗಳಿಗೆಯಲ್ಲೇ ನನ್ನ ಹೊಟ್ಟೆಯೊಳಗೆ 'ಬೇಕು' ಎಂಬುದು ದೊಡ್ಡ ದನಿಯಲ್ಲಿ ಕೂಗಿತು. ಕೂಡಲೇ ನಾನು ಮುಖ ಗಂಟಿಕ್ಕಿಕೊಂಡು, "ಸುಸಲಾದಾಗ ಉಪ್ಪು ಜರಾ ಕಡಿಮಿ ಆಗ್ಯದ" ಎಂದೆ. ಮನೆಯ ಗೋಡೆಯನ್ನು ಹೊಗಳಿದೆ, ಕಟ್ಟೆಯ ಮೇಲಿದ್ದ ತಾಮ್ರದ ಹಂಡೆಯನ್ನು ಹೊಗಳಿದೆ. ಹೊರಡುವಾಗ ಸುಗಲಾಳ ತಂದೆ ಕೈಮುಗಿದು ಏನನ್ನಿಸಿತು ಎಂದು ಕೇಳಿದರೆ "ನೋಡೋಣ್ರಿ" ಅಂದೆ. ಹೊಸ್ತಿಲಲ್ಲಿ ಚಪ್ಪಲಿಯನ್ನು ಎಷ್ಟು ಹೊತ್ತು ಹುಡುಕಿದರೂ ಯಾರೂ ವಾಪಸು ಕರೆಯಲಿಲ್ಲ. ಹೆಣ್ಣಿನ ಮನೆಯವರು ಅಂಗಡಿಯವರಲ್ಲ ಎಂಬುದು ನನಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಜೊತೆಗೆ ಬಂದಿದ್ದ ಮಾಮಾ ನನ್ನ ಮೋರೆ ನೋಡಿದರು. ಕಂಡಕ್ಟರನಿಗೆ ಕೂಗಿ ಬಸ್ಸು ನಿಲ್ಲಿಸಿ ಇಳಿದರು. ಒಬ್ಬರೇ ತಿರುಗಿ ಹೋಗಿ, ಹುಡುಗ ಒಪ್ಪಿದ್ದಾನೆಂದು ನನ್ನ ಪರವಾಗಿ ಹೇಳಿ, ತೆಂಗಿನಕಾಯಿ ಹಿಡಿದು ಬಂದರು. ಇಂದಿಗೂ ಸುಗಲಾ ಸುಸಲಾ ಮಾಡಿದ ದಿನ ತಾಟು ಇಡುತ್ತ, "ಉಪ್ಪು ನೋಡ್ರಿ. ನೋಡೋಣ್ರಿ ಅಂದ್ರ ತಾಟು ಒಳಗ ಹೋಗ್ತದ" ಎನ್ನುತ್ತಾಳೆ.

ಮಾಮಾ ಈಗಿಲ್ಲ. ನನ್ನ ಹೊಟ್ಟೆಯೊಳಗಿನದನ್ನು ನನಗಾಗಿ ಹೇಳುವವರು ಯಾರೂ ಉಳಿದಿಲ್ಲ. ಇಂಥ ಪರಿಸ್ಥಿತಿಯಲ್ಲಿ ಛತ್ರಪತಿ ಸಂಭಾಜಿನಗರದಿಂದ ನಮ್ಮ ಮಗಳ ಫೋನು ಬಂತು.

ಅಶ್ವಿನಿ ಮದುವೆಯಾಗಿ ಅಲ್ಲಿದ್ದಾಳೆ. ಹುಟ್ಟಿದ್ದು, ಬೆಳೆದದ್ದು ನಾಸಿಕ್ಕಿನಲ್ಲಿ. ಅವಳ ಕನ್ನಡ ಕೇಳಿದರೆ ಭಾಲ್ಕಿಯವರು ಮರಾಠಿ ಅಂದಾರು, ಪುಣೆಯವರು ಕನ್ನಡ ಅಂದಾರು. "ಪಪ್ಪಾ, ಖಾಲಚ್ಯಾ ಕಮಲಕ್ಕಂದು ಮಾಂಜರ್ ಮರಿ ಹಾಕ್ಯದ. ದೋನ್ ಅದಾವ. ಒಂದ್ ಪಾಯಿಜೆ ಕಾ?" ಅಂದಳು. ಕೆಳಗಿನ ಮನೆಯ ಕಮಲಕ್ಕನ ಬೆಕ್ಕು ಎರಡು ಮರಿ ಹಾಕಿದೆ, ಒಂದು ಬೇಕೇ ಎಂದು ಅರ್ಥ.

ನನ್ನ ಹೊಟ್ಟೆ 'ಬೇಕು' ಎಂದಿತು. ಬಾಯಿ ಮಾತ್ರ ಹಳೇ ಅಭ್ಯಾಸದಂತೆ, "ಬೆಕ್ಕ್ಯಾಕ ನಮಗ?" ಅಂತು.

"ನಕೋ ತರ್ ನಕೋ. ಸಿನ್ನರ್‌ದವ್ರು ಯಾರೋ ಕೇಳ್ಯಾರಂತ" ಎಂದು, ಬೇಡವಾದರೆ ಬೇಡ ಅನ್ನುವ ದನಿಯಲ್ಲೇ ಅವಳು ಫೋನಿಟ್ಟಳು.

ನಾನು ನಕ್ಕೆ. ನಮ್ಮ ಪಕ್ಕದೂರು ಸಿನ್ನರಿನ ಗಿರಾಕಿ! ನನ್ನ ಅಂಗಡಿಯಲ್ಲಿ ಮಾರಾಟವಾಗದೆ ಕೂತ ಪ್ರತಿಯೊಂದು ಪಾತ್ರೆಗೂ ಸಂಜೆ ಬರುವ ಇನ್ನೊಬ್ಬ ಗಿರಾಕಿ ಇರುತ್ತಾನೆ. ಬೆಲೆ ಏರಿಸಲು ಅವನನ್ನು ಹುಟ್ಟಿಸಿದವನೇ ನಾನು. ನನಗೇ ನನ್ನ ಗಿರಾಕಿಯನ್ನು ತೋರಿಸುತ್ತಾರೆಯೇ?

ಸುಗಲಾಳ ಮುಂದೆ ನಾನು ಬೆಕ್ಕಿನ ವಿರುದ್ಧ ವಾದ ಹೂಡಿದೆ. ಕೂದಲು ಪಾತ್ರೆಯೊಳಗೆ ಬೀಳುತ್ತದೆ, ಊರಿಗೆ ಮದುವೆ ಮುಂಜಿಗೆ ಹೋದರೆ ನೋಡಿಕೊಳ್ಳುವವರಿಲ್ಲ, ಹೊಸದು ಗಾದಿಯ ಮೇಲೆ ಹೇಗೆ ನಡೆದುಕೊಳ್ಳುತ್ತದೋ ಏನೋ ಎಂದು ಒಂದೊಂದಾಗಿ ಎತ್ತಿದೆ. ಅವಳು ಇಲ್ಲ ಇಲ್ಲ ಅನ್ನುತ್ತಾಳೆ, ಕೊನೆಗೆ ನಾನು ಸೋತವನಂತೆ 'ಆಯ್ತು ಬಿಡು, ನಿನ್ನ ಸಲುವಾಗಿ' ಅನ್ನುತ್ತೇನೆ, ಇದು ನನ್ನ ಎಣಿಕೆ. ಆಕೆ ಎಲ್ಲ ಕೇಳಿ, "ಖರೇ ಅದರಿ. ಬ್ಯಾಡ ಬಿಡ್ರಿ" ಅಂದುಬಿಟ್ಟಳು.

ನೀವು ವ್ಯಾಪಾರ ಮಾಡುವವರಾದರೆ ಇದನ್ನು ಬರೆದಿಟ್ಟುಕೊಳ್ಳಿ: ಎದುರಿನವರು ಮೊದಲ ಮಾತಿಗೇ ಒಪ್ಪಿದರೆ ನಿಮ್ಮ ಕಥೆ ಮುಗಿಯಿತು.

ಒಂದು ರಾತ್ರಿ ಯೋಚಿಸಿದೆ. ಬೆಳಿಗ್ಗೆ ಎದ್ದು, ಅಶ್ವಿನಿಯ ಕುಕ್ಕರಿನ ರಬ್ಬರ್ ರಿಂಗು ಹೋಗಿದೆಯಂತೆ, ಒಂದು ಕೊಟ್ಟು ಬರೋಣ ಎಂದೆ.

"ಅಷ್ಟ್ ದೊಡ್ಡ ಊರಾಗ ರಿಂಗ್ ಸಿಗಂಗಿಲ್ಲೇನ್ರಿ?"

"ಸಿಗ್ತದ. ಖಾತ್ರಿದು ಸಿಗಂಗಿಲ್ಲ."

ಸುಗಲಾ ನನ್ನನ್ನೊಮ್ಮೆ ನೋಡಿ, ಸೀರೆ ಬದಲಿಸಲು ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ಆ ಮುಚ್ಚಳವನ್ನು ಪೇಪರಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಬೆಕ್ಕು ಬಂದರೆ ದಾರಿಯಲ್ಲಿ ಹಾಲು ಕುಡಿಸಬೇಕಲ್ಲ? ಬಾರದಿದ್ದರೆ, ಕೇಳುವವರಿಗೆ ರಿಂಗಿನ ಜೊತೆ ಮುಚ್ಚಳವೂ ಇರಲಿ ಎಂದು ತಂದೆ ಅನ್ನಬಹುದು.

ಕಮಲಕ್ಕ ಕುಂದಾಪುರದ ಕಡೆಯವರು. ಗಂಡ ಇದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ-ದೋಸೆಯ ಹೋಟೆಲು ನಡೆಸುತ್ತಿದ್ದರು; ಈಗ ಮಗ ನಡೆಸುತ್ತಾನೆ. ಇಷ್ಟು ವರ್ಷ ಮಹಾರಾಷ್ಟ್ರದಲ್ಲಿದ್ದರೂ ಅವರ ಕನ್ನಡ ನಿನ್ನೆ ಘಟ್ಟ ಹತ್ತಿ ಬಂದಂತಿದೆ. ಮೊದಲು ಮರಿ ನೋಡಿ ಬನ್ನಿ ಎಂದು ಅಶ್ವಿನಿ ನಮ್ಮನ್ನು ಅವರ ಮನೆಯ ಬಾಗಿಲಿಗೆ ಮುಟ್ಟಿಸಿ, ಒಲೆಯ ಮೇಲೆ ಸಾರಿಟ್ಟಿದ್ದೇನೆಂದು ಮೇಲಿನ ತನ್ನ ಮನೆಗೆ ಓಡಿದಳು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಕಾಫಿ ತರ್ತೇನೆ" ಅಂದರು ಕಮಲಕ್ಕ.

ಕಾಫಿಗಿಂತ ಮುಂಚೆ ಮರಿಗಳೇ ಬಂದವು. ಒಂದು ಬಿಳಿ, ಈಗತಾನೆ ಒಗೆದು ಒಣಗಿಸಿದಂತಿತ್ತು. ಇನ್ನೊಂದು ಬೂದಿ ಬಣ್ಣದ್ದು, ಬಾಲದ ತುದಿ ಸೊಟ್ಟ, ತಲೆಗಿಂತ ಕಿವಿಗಳೇ ದೊಡ್ಡವು. ಬಿಳಿಯದು ದೂರ ನಿಂತು ನಮ್ಮನ್ನು ಗಮನಿಸಿತು. ಬೂದಿಯದು ನೆಟ್ಟಗೆ ನನ್ನ ಚೀಲದ ಹತ್ತಿರ ಬಂದು, ಮೂಸಿ, ಮುಂಗಾಲೆತ್ತಿ ಒಂದು ಏಟು ಕೊಟ್ಟಿತು. ಒಳಗಿನಿಂದ ಠಣ್ ಎಂದಿತು. ಅದು ಖುಷಿಯಾಗಿ ಮತ್ತೊಂದು ಕೊಟ್ಟಿತು.

"ಚೀಲದಲ್ಲಿ ಎಂತ ಉಂಟು?" ಎಂದು ಕಮಲಕ್ಕ ಕಾಫಿ ತಂದರು.

"ಏನಿಲ್ರಿ. ಕುಕ್ಕರಿನ ರಬ್ಬರ್ ರಿಂಗು" ಎಂದೆ. ಠಣ್ ಎನ್ನುವ ರಬ್ಬರನ್ನು ಸುಗಲಾ ಒಂದು ಗಳಿಗೆ ನೋಡಿ, ಲೋಟ ಬಾಯಿಗೆ ಹಿಡಿದಳು.

ನನ್ನ ಹೊಟ್ಟೆಯೊಳಗೆ ಹುಮನಾಬಾದಿನ ಅದೇ ಕೂಗು ಎದ್ದಿತ್ತು. ಕೂಗು ಎದ್ದ ಮೇಲೆ ನನ್ನ ಬಾಯಿಯ ಮೇಲೆ ನನ್ನ ಅಧಿಕಾರ ನಡೆಯುವುದಿಲ್ಲ. ಬಿಳಿ ಮರಿಯನ್ನು ಎತ್ತಿಕೊಂಡೆ. "ವಾಹ್! ಏನ್ ಬಣ್ಣರಿ, ಏನ್ ಕಣ್ಣರಿ!" ಎಂದು ಹೊಗಳಿದೆ. ಅದು ನನ್ನ ಅಂಗಿಗೆ ಉಗುರು ಹಾಕಿತು.

"ಹೌದು, ಅದು ಚೆಂದ. ಅದನ್ನು ಸಿನ್ನರಿನವರಿಗೆ ಅಂತ ಹೇಳಿ ಆಯ್ತು. ಅವರು ಇವತ್ತೇ ಬರ್ತಾರೆ. ನಿಮಗೆ ಇದು ಆಗ್ತದಾ ನೋಡಿ" ಎಂದು ಬೂದಿಯದನ್ನು ತೋರಿಸಿದರು.

ಬೇಕಾದ ಮಾಲು ತಾನಾಗಿ ಕೈಗೆ ಬರುತ್ತಿದೆ! ಇಲ್ಲೇ ನಾನು ಸುಮ್ಮನಿದ್ದಿದ್ದರೆ ಈ ಬರಹ ಇಷ್ಟಕ್ಕೇ ಮುಗಿಯುತ್ತಿತ್ತು.

"ಬಾಲ ಸೊಟ್ಟ ಅದಲ್ರಿ ಇದ್ರದು" ಎಂದೆ.

"ಹುಟ್ಟುವಾಗಲೇ ಹಾಗೆ."

"ಬಣ್ಣಾನೂ ನೋಡ್ರಿ, ಹೊತ್ತಿದ ಪಾತ್ರಿ ತಳದಂಗ ಅದ. ಕಿವಿ ಅಂತೂ..."

"ಹಾಗಾದರೆ ಬೇಡ ಬಿಡಿ" ಅಂದರು ಕಮಲಕ್ಕ. ಸಿಟ್ಟಿಲ್ಲ, ಬೇಸರವಿಲ್ಲ. ಮರಿಯನ್ನು ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡು, ಇಲ್ಲಿ ಒಳ್ಳೆಯ ತೆಂಗಿನಕಾಯಿ ಸಿಗುವುದಿಲ್ಲವೆಂದು ಸುಗಲಾಳ ಹತ್ತಿರ ಮಾತಿಗಿಳಿದರು.

ನಾನು ಬಲ್ಲೆ, ಇದು ಎದುರಾಳಿಯ ಗತ್ತು. ಕೊನೆಯ ಅಸ್ತ್ರ ತೆಗೆದೆ. "ಹಂಗಾರ ಬರ್ತೀವ್ರಿ" ಎಂದು ಎದ್ದೆ. ಹೊಸ್ತಿಲಿಗೆ ಬಂದು ಚಪ್ಪಲಿಗೆ ಕಾಲು ತೂರಿಸಲು ಶುರು ಮಾಡಿದೆ. ಎಡಗಾಲಿನದು ಸಿಗಲಿಲ್ಲ. ಸಿಕ್ಕಿದ್ದು ತಿರುಗಿತು. ತಿರುಗಿದ್ದು ಜಾರಿತು. ಗೋಡೆ ಹಿಡಿದು ನಿಂತು ಮತ್ತೆ ಮೊದಲಿನಿಂದ ಶುರು ಮಾಡಿದೆ. ಹಿಂದಿನಿಂದ ಕಮಲಕ್ಕನ ದನಿ ಬಂತು. ಬಂತು ನೋಡಿ ಕರೆ, ಅಂದುಕೊಂಡೆ.

"ಕಾಲು ಊದಿದೆಯಾ ಹೇಗೆ? ಒಂದು ಸ್ಟೂಲ್ ಕೊಡ್ಲಾ?"

ನಾನು ತಿರುಗಿ ನೋಡಿದೆ. ಸುಗಲಾ ಕೂತಲ್ಲಿಂದ ಏಳಲೇ ಇಲ್ಲ. "ನೀವು ನಡೀರಿ. ನಾ ಕಾಫಿ ಮುಗಿಸ್ಕೊಂಡು ಬರ್ತೀನಿ" ಅಂದಳು. ಅವಳ ಲೋಟ ಖಾಲಿಯಿದ್ದದ್ದು ನನಗೆ ಕಾಣುತ್ತಿತ್ತು.

ಮೆಟ್ಟಿಲಿಳಿದೆ. ನಿಧಾನವಾಗಿ ಇಳಿದೆ, ಆ ಮೆಟ್ಟಿಲುಗಳನ್ನು ಅಷ್ಟು ಪ್ರೀತಿಯಿಂದ ಯಾರೂ ಇಳಿದಿರಲಾರರು. ತಿರುವಿನಲ್ಲಿ ಯಾರದೋ ಮಕ್ಕಳ ಸೈಕಲ್ಲಿತ್ತು. ಅದರ ಗಂಟೆಯನ್ನು ಪರೀಕ್ಷಿಸಿದೆ. ಯಾರೂ ಕರೆಯಲಿಲ್ಲ. ಅಲ್ಲಿ ನಿಂತಾಗ ಬುದ್ಧಿ ಬಂತು: ನಾನು ಚೌಕಾಶಿ ಮಾಡಿದ್ದು ಹೋಟೆಲಿನವರ ಹತ್ತಿರ. ಅವರದು ಗೋಡೆಯ ಮೇಲೆ ಬರೆದ ದರ. ತಿನ್ನುವವನು ಬೇಕೆಂದರೆ ತಟ್ಟೆ ಬರುತ್ತದೆ, ಬೇಡವೆಂದರೆ ಬರುವುದಿಲ್ಲ. ಎದ್ದು ಹೋಗುವವನನ್ನು ಅವರು ಕರೆಯುವುದೇ ಇಲ್ಲ, ಮೇಜು ಒರೆಸುತ್ತಾರೆ.

ಅಷ್ಟರಲ್ಲಿ ಕೆಳಗಿನಿಂದ ಒಂದು ಜೋಡಿ ಹತ್ತಿ ಬಂತು. ಚಿಕ್ಕ ವಯಸ್ಸಿನವರು. ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ತರಕಾರಿ ಬುಟ್ಟಿ, ಒಳಗೆ ಮೆತ್ತಗೆ ಹಳೇ ಟವೆಲು ಹಾಸಿತ್ತು. ಬೆಕ್ಕಿನ ಮನೆ ಇದೇನಾ ಕಾಕಾ ಎಂದು ಮರಾಠಿಯಲ್ಲಿ ಕೇಳಿದರು.

"ನೀವು ಎಲ್ಲಿಂದ?" ಎಂದೆ.

"ಸಿನ್ನರ್" ಅಂದ ಹುಡುಗ.

ಜೀವಮಾನವಿಡೀ ನಾನು ಬಾಯಲ್ಲಿ ಹುಟ್ಟಿಸುತ್ತಿದ್ದ ಗಿರಾಕಿ ಕೈಕಾಲು ಪಡೆದು, ಬುಟ್ಟಿ ಹಿಡಿದು, ನನ್ನ ಪಕ್ಕದಲ್ಲೇ ಮೆಟ್ಟಿಲು ಹತ್ತಿಹೋದ. ಮೇಲೆ ಬಾಗಿಲು ತೆರೆದದ್ದು ಕೇಳಿತು. ಅಯ್ಯೋ ಎಷ್ಟು ಮುದ್ದು ಎಂದು ಹುಡುಗಿ ಮರಾಠಿಯಲ್ಲಿ ಕಿರುಚಿದ್ದು ಕೇಳಿತು. ಆಮೇಲೆ ಕಮಲಕ್ಕ ತಮ್ಮ ಹೋಟೆಲ್ ಮರಾಠಿಯಲ್ಲಿ, ಬೇಕಾದರೆ ಎರಡನ್ನೂ ಒಯ್ಯಿರಿ, ಈ ಬೂದಿಯದು ಯಾರಿಗೂ ಬೇಡವಂತೆ ಎಂದರು.

ಚಪ್ಪಲಿ ಯಾವ ಮೆಟ್ಟಿಲ ಮೇಲೆ ಉಳಿಯಿತೋ ತಿಳಿಯದು. ಬಾಗಿಲಲ್ಲಿ ನಿಂತು ಕೂಗಿದ್ದು ಮಾತ್ರ ನೆನಪಿದೆ: "ಬೇಕು! ಬೇಕರಿ! ನಮಗ ಬೇಕು!"

ಎಲ್ಲರೂ ನನ್ನ ಕಡೆ ತಿರುಗಿದರು. ಮೇಲಿನ ಮಹಡಿಯ ಕಟಾಂಜನದಿಂದ ಅಶ್ವಿನಿ ಬಗ್ಗಿ, "ಪಪ್ಪಾ, ಕಾಯ್ ಝಾಲಂ?" ಎಂದು ಗಾಬರಿಯಾದಳು. ಏನೂ ಆಗಿಲ್ಲ, ನಿಮ್ಮಪ್ಪನ ಬಾಯಿ ಬಿಟ್ಟಿತು ಎಂದು ಸುಗಲಾ ಒಳಗಿನಿಂದಲೇ ಕೂಗಿ ಹೇಳಿದಳು.

"ಯಾವುದು ಬೇಕು?" ಅಂದರು ಕಮಲಕ್ಕ.

"ಬೂದಿದು. ಸೊಟ್ಟ ಬಾಲದ್ದು."

"ಬಾಲ ಸರಿ ಇಲ್ಲ ಅಂದ್ರಲ್ಲ?"

"ಭಾಳ ಛಲೋ ಅದರಿ. ಹಂಗೇ ಇರ್ಲಿ."

"ಬಣ್ಣ?"

"ಬಣ್ಣಾನೂ ಬೇಕು. ಕಿವೀನೂ ಬೇಕು."

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೆ! ಬೇಡ ಅಂದ ದೋಸೆ ನಾವು ಮುಂದಿನ ಟೇಬಲ್ಲಿಗೆ ಕೊಡುವುದು" ಎಂದು ನಗುತ್ತ, ಮರಿಯನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟರು. ಸಿನ್ನರಿನ ಹುಡುಗ ಒಳ್ಳೆಯವನು. ತಮ್ಮ ಬುಟ್ಟಿಯಲ್ಲಿ ಒಂದಕ್ಕೇ ಜಾಗ ಎಂದು, ಬಿಳಿಯದನ್ನು ಟವೆಲಿನಲ್ಲಿ ಸುತ್ತುತ್ತಿದ್ದ ಹೆಂಡತಿಯನ್ನು ಕರೆದುಕೊಂಡು ಹೋದ. ಹೋಗುವಾಗ ನನ್ನ ಚಪ್ಪಲಿಯನ್ನು ಮೇಲಕ್ಕೆ ತಂದುಕೊಟ್ಟ.

ವಾಪಸಿನ ಬಸ್ಸಿನಲ್ಲಿ ಮರಿ ಸುಗಲಾಳ ಸೆರಗಿನೊಳಗೆ ಮಲಗಿತ್ತು. ಊರು ದಾಟಿದ ಮೇಲೆ ನಾನು ಕೇಳಿದೆ: "ನಿನಗ ಎಲ್ಲಾ ಗೊತ್ತಿತ್ತಲ್ಲ? ನೀನರ ಬೇಕು ಅನಬಾರದಾಗಿತ್ತಾ?"

"ಪ್ರತೀ ಸಲ ಮಾಮಾ ಬಸ್ ಇಳೀಬೇಕೇನ್ರಿ? ಒಂದ್ಸಲ ನಿಮ್ಮ ಬಾಯಿಂದ ಕೇಳೋಣಂತ ಕೂತಿದ್ದೆ" ಎಂದಳು. ಅವಳು ನಗುತ್ತಿದ್ದಳು, ಆದರೆ ಮಾತಿನ ತಳದಲ್ಲಿ ಹುಮನಾಬಾದಿನ ಹೊಸ್ತಿಲಿತ್ತು. ಆ ದಿನ ನಾನು "ನೋಡೋಣ್ರಿ" ಎಂದು ಎದ್ದು ಹೋದ ಮೇಲೆ ಅವಳು ಒಳಗೆ ಸುಸಲಾದ ತಾಟು ಹಿಡಿದು ಎಷ್ಟು ಹೊತ್ತು ನಿಂತಿದ್ದಳೋ. ಇಷ್ಟು ವರ್ಷ ಚಪ್ಪಲಿ ಹುಡುಕಿದವನ ಕಥೆಯನ್ನಷ್ಟೇ ನಾನು ನಗುನಗುತ್ತ ಹೇಳಿಕೊಂಡು ಬಂದಿದ್ದೆ.

"ಆ ದಿನಾನೂ ಬೇಕಾಗಿತ್ತು" ಎಂದೆ. ಬಸ್ಸಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಸುಗಲಾ ಕಿಟಕಿಯ ಕಡೆ ಮುಖ ಮಾಡಿ ಕೂತಳು.

"ಮತ್ತ ನಿನಗ? ಈ ಬೆಕ್ಕು ಬೇಕಾಗಿತ್ತೋ ಇಲ್ಲೋ?"

"ನೋಡೋಣ್ರಿ" ಅಂದಳು.

ಮನೆಗೆ ಬಂದು, ಮುಚ್ಚಳವನ್ನು ಪೇಪರಿನಿಂದ ಬಿಚ್ಚಿ ತೊಳೆದು, ಹಾಲು ಹಾಕಿ ಇಟ್ಟೆ. ಮರಿ ಬಂತು. ಮೂಸಿತು. ಮೂಗೆತ್ತಿತು. ಹಾಲನ್ನು ಬಿಟ್ಟು ಪಕ್ಕದಲ್ಲಿದ್ದ ಖಾಲಿ ಬಕೆಟನ್ನು ಬಹಳ ಮೆಚ್ಚುಗೆಯಿಂದ ನೋಡಿತು. ಆಮೇಲೆ ಎದ್ದು, ಸೊಟ್ಟ ಬಾಲ ಎತ್ತಿಕೊಂಡು ನಿಧಾನವಾಗಿ ಬಾಗಿಲ ಕಡೆ ನಡೆಯಿತು. ಹೊಸ್ತಿಲಲ್ಲಿ ಕೂತು, ನಮಗೆ ಬೆನ್ನು ಮಾಡಿ, ಎಡಗಾಲನ್ನು ನೆಕ್ಕತೊಡಗಿತು. ನೆಕ್ಕಿತು, ನೆಕ್ಕಿತು; ಆ ಕಾಲು ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಭಾಲ್ಕಿಯ ಸಂತೆಯಲ್ಲಿ ಕಲಿತವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಒಳಗೆ ಹೋಗಿ, ಸುಗಲಾ ನನಗೆಂದು ತೆಗೆದಿಟ್ಟಿದ್ದ ಕೆನೆಯನ್ನು ಪೂರ್ತಿಯಾಗಿ ಮುಚ್ಚಳಕ್ಕೆ ಸುರಿದು, ಹೊಸ್ತಿಲ ಕಡೆ ನೋಡಿ ಕೂಗಿದೆ:

"ಬರ್ರಿ, ಬರ್ರಿ."